ಬೈಯುತ್ತಲೇ ನೋಡುವವರು ಯಾರು? ಪಾಕಿಸ್ತಾನಿ ಡ್ರಾಮಾಗಳ ಬದಲಾದ ರುಚಿ

2025ರ ಜುಲೈ 2ರಂದು ಭಾರತದಲ್ಲಿ ಅನೇಕರ ಫೋನಿನಲ್ಲಿ ಹಮ್ ಟಿವಿ, ಎಆರ್‌ವೈ ಡಿಜಿಟಲ್, ಹರ್ ಪಲ್ ಜಿಯೋ ಎಂಬ ಯೂಟ್ಯೂಬ್ ಚಾನೆಲ್‌ಗಳು ಮತ್ತೆ ಕಾಣಿಸಿಕೊಂಡವು. ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಇವನ್ನೆಲ್ಲ ಇಲ್ಲಿ ಮುಚ್ಚಲಾಗಿತ್ತು. ಸಬಾ ಕಮರ್, ಯುಮ್ನಾ ಜೈದಿ ಅವರಂಥ ನಟಿಯರ ಇನ್‌ಸ್ಟಾಗ್ರಾಮ್ ಖಾತೆಗಳೂ ತೆರೆದುಕೊಂಡವು. ನಿಷೇಧ ಹೋಯ್ತು ಅಂತ ಸುದ್ದಿ ಹಬ್ಬಿತು. ಮರುದಿನ ನೋಡಿದರೆ ಎಲ್ಲ ಮತ್ತೆ ಬಂದ್.

ಆ ಒಂದು ದಿನದ ಗದ್ದಲ ನೋಡಿ ತುಂಬಾ ಜನರಿಗೆ ಆಶ್ಚರ್ಯವಾಯಿತು. ಪಾಕಿಸ್ತಾನದ ಧಾರಾವಾಹಿಗಳಿಗೆ (ಅಲ್ಲಿ ಅವನ್ನು ಡ್ರಾಮಾ ಎನ್ನುತ್ತಾರೆ) ಇಲ್ಲಿ ಇಷ್ಟೊಂದು ಜನ ಕಾದು ಕೂತಿದ್ದಾರಾ? ಅತ್ತ ಪಾಕಿಸ್ತಾನದಲ್ಲಿ ಬೇರೆಯದೇ ಜಗಳ ವರ್ಷಗಳಿಂದ ನಡೆಯುತ್ತಿದೆ. ಡ್ರಾಮಾಗಳು ಹೆಂಗಸರನ್ನು ಬರೀ ಅಳಿಸುತ್ತವೆ, ಕಪಾಳಕ್ಕೆ ಹೊಡೆಯುವ ಗಂಡನನ್ನು ಹೀರೋ ಮಾಡುತ್ತವೆ ಎಂದು ಅಭಿಮಾನಿಗಳೇ ದೂರುತ್ತಾರೆ. ಆದರೆ ಹಾಗೆ ಬೈಸಿಕೊಂಡ ಡ್ರಾಮಾಗಳೇ ಕೋಟಿಗಟ್ಟಲೆ ವ್ಯೂಸ್ ಪಡೆಯುತ್ತವೆ.

ಅಭಿಮಾನಿಗಳು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ಅದು ಸರಿಯಲ್ಲ. ಬೈಯುವವರು ಮತ್ತು ನೋಡುವವರು ಎಷ್ಟೋ ಸಲ ಬೇರೆ ಬೇರೆ ಜನ. ಅವರನ್ನು ಲೆಕ್ಕ ಹಾಕುವ ವಿಧಾನಗಳೂ ಬೇರೆ. ಒಂದೇ ಡ್ರಾಮಾವನ್ನು ಎರಡು ಪ್ರೇಕ್ಷಕ ವರ್ಗಗಳು ಎರಡು ಕಡೆಗೆ ಎಳೆಯುತ್ತಿವೆ. ಅಲ್ಲಿ ಈಗ ಆಗುತ್ತಿರುವ ಬಹುತೇಕ ವಿಚಿತ್ರಗಳಿಗೆ ಕಾರಣ ಇದೇ.

ಹದಿಮೂರು ಕಂತಿನ ಕಾಲ

ಪಾಕಿಸ್ತಾನದಲ್ಲಿ ಟಿವಿ ಶುರುವಾದದ್ದು 1964ರ ನವೆಂಬರ್ 26ರಂದು, ಲಾಹೋರ್‌ನಲ್ಲಿ. ಮುಂದೆ ಸುಮಾರು ಮೂರೂವರೆ ದಶಕ ನಡೆದದ್ದು ಸರ್ಕಾರಿ ಪಿಟಿವಿಯದೇ ದರ್ಬಾರು. ಡ್ರಾಮಾ ವಾರಕ್ಕೊಂದು ಕಂತು ಬರುತ್ತಿತ್ತು. ಹೆಚ್ಚಿನವು ಹದಿಮೂರು ಕಂತಿನ ಆಸುಪಾಸಿನಲ್ಲಿ ಮುಗಿಯುತ್ತಿದ್ದವು.

ಆ ಕಾಲದ ಹೆಸರುಗಳನ್ನು ಜನ ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅಮ್ಜದ್ ಇಸ್ಲಾಂ ಅಮ್ಜದ್ ಬರೆದ 'ವಾರಿಸ್' ಜಮೀನ್ದಾರಿ ದರ್ಪದ ಕಥೆ. ಹಸೀನಾ ಮೊಯಿನ್ ಬರೆದ 'ಅನ್‌ಕಹೀ' (1982), 'ತನ್‌ಹಾಯಿಯಾಂ' (1985), 'ಧೂಪ್ ಕಿನಾರೆ' (1987) ಬೇರೆಯೇ ಧಾಟಿಯವು. ಅವರ ನಾಯಕಿಯರು ಕೆಲಸಕ್ಕೆ ಹೋಗುತ್ತಾರೆ, ಜೋರಾಗಿ ನಗುತ್ತಾರೆ, ಎದುರು ಮಾತಾಡುತ್ತಾರೆ. 'ತನ್‌ಹಾಯಿಯಾಂ'ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಅಕ್ಕತಂಗಿಯರಿದ್ದಾರೆ. ಕೈತಪ್ಪಿದ ಮನೆಯನ್ನು ಮತ್ತೆ ಕೊಳ್ಳಬೇಕು ಎಂಬುದೇ ಅಕ್ಕನ ಹಟ. ಇದೆಲ್ಲ ಬಂದದ್ದು ಸೇನಾಧಿಕಾರಿ ಜಿಯಾ ಉಲ್ ಹಕ್ ಆಡಳಿತದಲ್ಲಿ, ಟಿವಿಯಲ್ಲಿ ಹೆಂಗಸರು ತಲೆ ಮೇಲೆ ದುಪಟ್ಟಾ ಹಾಕಲೇಬೇಕು ಎಂಬ ಒತ್ತಡವಿದ್ದ ಹೊತ್ತಿನಲ್ಲಿ.

ಈ ಡ್ರಾಮಾಗಳ ವಿಡಿಯೋ ಕ್ಯಾಸೆಟ್‌ಗಳು ಭಾರತದಲ್ಲೂ ಕೈಯಿಂದ ಕೈಗೆ ಓಡಾಡಿದವು. 'ಧೂಪ್ ಕಿನಾರೆ'ಯ ಕಥೆಯನ್ನೇ ಇಟ್ಟುಕೊಂಡು 2011ರಲ್ಲಿ ಸೋನಿ ಚಾನೆಲ್ ಒಂದು ಹಿಂದಿ ಧಾರಾವಾಹಿ ಮಾಡಿತು. ಅಂದರೆ ಭಾರತದ ಪ್ರೇಕ್ಷಕರು ಯೂಟ್ಯೂಬ್ ಬಂದ ಮೇಲೆ ಹುಟ್ಟಿಕೊಂಡವರಲ್ಲ.

ಪಾಕಿಸ್ತಾನದ ಹಳೆಯ ಪ್ರೇಕ್ಷಕರು 'ಆಗಿನ ಡ್ರಾಮಾನೇ ಚೆನ್ನಾಗಿತ್ತು' ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ನಾಯಕಿಯರು. ಅದು ಬರೀ ಹಳೆಯ ಕಾಲದ ಮೋಹವಲ್ಲ, ಮಾತಿನಲ್ಲಿ ಹುರುಳಿದೆ. ಆದರೆ ಆಗ ಜಾಹೀರಾತಿಗಾಗಿ ಇಷ್ಟು ಪೈಪೋಟಿ ಇರಲಿಲ್ಲ. ನೋಡಲು ಇದ್ದದ್ದೂ ಒಂದೇ ಚಾನೆಲ್. ಪ್ರೇಕ್ಷಕ ಓಡಿ ಹೋಗುತ್ತಾನೆ ಎಂಬ ಭಯವೇ ಬರಹಗಾರರಿಗೆ ಇರಲಿಲ್ಲ.

ಡೈಜೆಸ್ಟ್‌ನಿಂದ ಪರದೆಗೆ

2000ದ ನಂತರ ಖಾಸಗಿ ಚಾನೆಲ್‌ಗಳು ಬಂದವು. ಎಆರ್‌ವೈ, ಜಿಯೋ, ಆಮೇಲೆ 2005ರಲ್ಲಿ ಸುಲ್ತಾನಾ ಸಿದ್ದಿಕಿ ಅವರ ಹಮ್ ಟಿವಿ. 2002ರಲ್ಲಿ ಪೆಮ್ರಾ ಎಂಬ ನಿಯಂತ್ರಣ ಸಂಸ್ಥೆಯೂ ಹುಟ್ಟಿತು. ಇಷ್ಟೊಂದು ಚಾನೆಲ್‌ಗಳಿಗೆ ಬೇಕಾದ ಕಥೆ ಎಲ್ಲಿಂದ ತರುವುದು? ಉತ್ತರ ಹತ್ತಿರದಲ್ಲೇ ಇತ್ತು. 'ಖವಾತೀನ್', 'ಶುಆ' ಥರದ ಮಹಿಳಾ ಮಾಸಪತ್ರಿಕೆಗಳಿಗೆ ಅಲ್ಲಿ ಡೈಜೆಸ್ಟ್ ಎನ್ನುತ್ತಾರೆ. ಅವುಗಳಲ್ಲಿ ಧಾರಾವಾಹಿ ಬರೆದು ಮನೆಮಾತಾಗಿದ್ದ ಉಮೇರಾ ಅಹ್ಮದ್, ಫರ್ಹತ್ ಇಶ್ತಿಯಾಕ್ ಟಿವಿಗೆ ಬಂದರು.

2011ರಲ್ಲಿ ಬಂದ 'ಹಮ್‌ಸಫರ್' ಎಲ್ಲವನ್ನೂ ಬದಲಿಸಿತು. ಮಾಹಿರಾ ಖಾನ್, ಫವಾದ್ ಖಾನ್ ಜೋಡಿ. ಸೊಸೆಯನ್ನು ಮನೆಯಿಂದ ಹೊರಹಾಕಲು ಅತ್ತೆ ಹೂಡುವ ಸಂಚು. ಸಹಿಸುವ ಹೆಂಡತಿ, ಅನುಮಾನಿಸುವ ಗಂಡ, ಕೊನೆಗೆ ಪಶ್ಚಾತ್ತಾಪ. ಬೆನ್ನಿಗೇ ಬಂದ 'ಜಿಂದಗಿ ಗುಲ್ಜಾರ್ ಹೈ'ಯಲ್ಲಿ ಓದಿ ಮೇಲೆ ಬರುವ ಕಶಫ್ ಎಂಬ ಸ್ವಾಭಿಮಾನಿ ಹುಡುಗಿ. ಎರಡೂ ಗೆದ್ದವು. ಆದರೆ ಚಾನೆಲ್‌ಗಳು ಜಾಸ್ತಿ ನಕಲು ಮಾಡಿದ್ದು ಮೊದಲನೆಯದನ್ನು. ಸ್ವಂತ ಕಾಲ ಮೇಲೆ ನಿಲ್ಲುವ ಹುಡುಗಿಗೆ ಮಾತು ಚೆನ್ನಾಗಿ ಬರೆಯಬೇಕು. ಅಳುವ ಸೊಸೆಗೆ ಹಿನ್ನೆಲೆ ಸಂಗೀತ ಇದ್ದರೆ ಸಾಕಾಗುತ್ತದೆ.

2014ರ ಜೂನ್‌ನಲ್ಲಿ ಜೀ ಸಂಸ್ಥೆ 'ಜಿಂದಗಿ' ಎಂಬ ಚಾನೆಲ್ ತೆರೆದು ಈ ಡ್ರಾಮಾಗಳನ್ನು ಭಾರತಕ್ಕೆ ತಂದಿತು. ನೂರಾರು ಕಂತು ಎಳೆಯುವ ಹಿಂದಿ ಧಾರಾವಾಹಿ ನೋಡಿ ಸುಸ್ತಾದವರಿಗೆ ಇಪ್ಪತ್ತೈದು ಕಂತಿನ ಆಸುಪಾಸಿನಲ್ಲಿ ಮುಗಿಯುವ ಕಥೆ ಹೊಸ ಗಾಳಿಯಂತೆ ಬಂತು. 2016ರ ಉರಿ ದಾಳಿಯ ನಂತರ ಚಾನೆಲ್ ಅವನ್ನು ನಿಲ್ಲಿಸಿತು. ಪ್ರೇಕ್ಷಕರು ನಿಲ್ಲಲಿಲ್ಲ, ಯೂಟ್ಯೂಬ್‌ಗೆ ಹೋದರು.

ಎರಡು ತಕ್ಕಡಿ

ಇಲ್ಲಿಂದ ಮುಂದಿನದು ಸ್ವಲ್ಪ ನಿಧಾನವಾಗಿ ನೋಡಬೇಕಾದ ಭಾಗ.

ಟಿವಿಯಲ್ಲಿ ಪ್ರೇಕ್ಷಕರನ್ನು ಅಳೆಯುವುದು ರೇಟಿಂಗ್‌ನಿಂದ. ಆಯ್ದ ಮನೆಗಳಲ್ಲಿ ಮೀಟರ್ ಇಡುತ್ತಾರೆ. ಅಲ್ಲಿ ಟಿವಿ ಇಡೀ ಮನೆಗೆ ಸೇರಿದ್ದು. ರಾತ್ರಿ ಎಂಟಕ್ಕೆ ಅತ್ತೆ, ಸೊಸೆ, ಮಗಳು ಒಟ್ಟಿಗೆ ಕೂತು ನೋಡುತ್ತಾರೆ. ರಿಮೋಟ್ ಸಾಮಾನ್ಯವಾಗಿ ಹಿರಿಯರ ಕೈಯಲ್ಲಿರುತ್ತದೆ. ಚಹಾ, ಅಡುಗೆ ಎಣ್ಣೆ, ಸೋಪಿನ ಕಂಪನಿಗಳು ದುಡ್ಡು ಹಾಕುವುದು ಈ ಮನೆಗಾಗಿ. ಆ ಮನೆಗೆ ಮುಜುಗರ ಆಗಬಾರದು. ಕುಟುಂಬ ಒಡೆಯಬಾರದು. ಒಡೆದರೂ ತಪ್ಪು ಮಾಡಿದವರಿಗೆ ಶಿಕ್ಷೆ ಆಗಬೇಕು.

ಯೂಟ್ಯೂಬ್‌ನಲ್ಲಿ ನೋಡುವವರು ಒಬ್ಬೊಬ್ಬರೇ. ಕೈಯಲ್ಲಿ ಅವರದೇ ಫೋನು. ಕರಾಚಿಯ ಕಾಲೇಜು ಹುಡುಗಿ ಇದ್ದಾಳೆ, ದುಬೈಯಲ್ಲಿ ದುಡಿಯುವವನಿದ್ದಾನೆ, ಢಾಕಾ, ದೆಹಲಿ, ಬರ್ಮಿಂಗ್‌ಹ್ಯಾಮ್‌ನವರಿದ್ದಾರೆ. ಕಂತು ಮುಗಿದ ಕೂಡಲೇ ಅಲ್ಲೇ ಕೆಳಗೆ ಬರೆಯುತ್ತಾರೆ. ಇಷ್ಟವಾದ ದೃಶ್ಯವನ್ನು ಕತ್ತರಿಸಿ ಹಾಡು ಸೇರಿಸಿ ರೀಲ್ಸ್ ಮಾಡುತ್ತಾರೆ. ಸಿಟ್ಟು ಬಂದರೆ ಅದಕ್ಕೂ ರೀಲ್ಸ್.

ಹೀಗೆ ಒಂದೇ ಡ್ರಾಮಾ ಎರಡು ತಕ್ಕಡಿಯಲ್ಲಿ ತೂಗುತ್ತದೆ. ಮನೆಯ ತಕ್ಕಡಿಗೆ ಮಾತು ಬರುವುದಿಲ್ಲ, ತೂಕ ಮಾತ್ರ ತೋರಿಸುತ್ತದೆ. ಫೋನಿನ ತಕ್ಕಡಿ ತೂಗುತ್ತಲೇ ಮಾತೂ ಆಡುತ್ತದೆ. ಚರ್ಚೆಯಲ್ಲಿ ನಮಗೆ ಕೇಳಿಸುವುದು ಎರಡನೆಯದರ ದನಿ. ಹಾಗಾಗಿ ಎಲ್ಲರೂ ಬೈಯುತ್ತಿದ್ದಾರೆ ಅನ್ನಿಸುತ್ತದೆ. ಮೊದಲನೆಯದರ ರೇಟಿಂಗ್ ಮೇಲೇರುತ್ತದೆ. ಹಾಗಾಗಿ ಎಲ್ಲರೂ ಮೆಚ್ಚುತ್ತಿದ್ದಾರೆ ಅಂತಲೂ ಅನ್ನಿಸುತ್ತದೆ.

ಇನ್ನೊಂದು ತೊಡಕಿದೆ. ಯೂಟ್ಯೂಬ್‌ಗೆ ಕೋಪ, ಪ್ರೀತಿ ಎರಡೂ ಒಂದೇ. ಬೈಯಲೆಂದು ನೋಡಿದರೂ ಅದು ಒಂದು ವ್ಯೂ. ನಿಂದನೆಯ ರೀಲ್ಸ್ ನೋಡಿ ಕುತೂಹಲದಿಂದ ಬಂದವರದ್ದೂ ಒಂದು ವ್ಯೂ. ಜಗಳ ಎದ್ದಷ್ಟೂ ಲಾಭ ಎಂಬ ಪಾಠವನ್ನು ಚಾನೆಲ್‌ಗಳು ಬೇಗ ಕಲಿತವು. ಈಗಿನ ಪ್ರೋಮೋಗಳು ಕಥೆಯಲ್ಲಿ ಇಲ್ಲದ ಬೆಂಕಿಯನ್ನೂ ತೋರಿಸುವುದು ಅದಕ್ಕೇ.

'ತೇರೆ ಬಿನ್' ಗಲಾಟೆ

2022ರ ಕೊನೆಯಲ್ಲಿ ಪಾಕಿಸ್ತಾನದ ಜಿಯೋ ಚಾನೆಲ್‌ನಲ್ಲಿ ಶುರುವಾದ 'ತೇರೆ ಬಿನ್' ಇದಕ್ಕೆಲ್ಲ ಒಳ್ಳೆಯ ಉದಾಹರಣೆ. ವಹಾಜ್ ಅಲಿ ಜಮೀನ್ದಾರಿ ಮನೆತನದ ಮುರ್ತಸಿಮ್. ಯುಮ್ನಾ ಜೈದಿ ಕಾನೂನು ಓದುವ ಕನಸಿನ ಮೀರಬ್. ಇಷ್ಟವಿಲ್ಲದ ಮದುವೆ. ತನ್ನನ್ನು ಮುಟ್ಟಬಾರದು ಎಂದು ಮೀರಬ್ ಮೊದಲೇ ಕರಾರು ಬರೆಸಿಕೊಳ್ಳುತ್ತಾಳೆ. ನಿಧಾನವಾಗಿ ಪ್ರೀತಿ ಹುಟ್ಟುತ್ತದೆ. ಗಡಿಯ ಎರಡೂ ಕಡೆ ಜನ ಹುಚ್ಚರಂತೆ ನೋಡಿದರು.

2023ರ ಮೇ ತಿಂಗಳಲ್ಲಿ ಒಂದು ಕಂತಿನ ಕೊನೆ ಮತ್ತು ಮುಂದಿನ ಕಂತಿನ ಪ್ರೋಮೋ ಬಂತು. ಇಬ್ಬರ ನಡುವೆ ಜಗಳ, ಮುಚ್ಚುವ ಬಾಗಿಲು, ಆಮೇಲೆ ಕುಸಿದು ಕೂತ ಮೀರಬ್. ಗಂಡ ಬಲಾತ್ಕಾರ ಮಾಡಿದ್ದಾನೆ ಎಂದೇ ಎಲ್ಲರೂ ಅರ್ಥ ಮಾಡಿಕೊಂಡರು. ಅಭಿಮಾನಿಗಳು ಸಿಡಿದೆದ್ದರು. ನಾವು ಇಷ್ಟು ದಿನ ಪ್ರೀತಿಸಿದ ಪಾತ್ರಕ್ಕೆ ಹೀಗೆ ಮಾಡಬೇಡಿ, ಇದನ್ನು ಪ್ರೀತಿ ಅಂತ ಮಾರಬೇಡಿ ಎಂದರು. ಮುಂದಿನ ಕಂತಿನಲ್ಲಿ ಹಿನ್ನೆಲೆ ಧ್ವನಿಯೊಂದು ಬಂದು, ನಡೆದದ್ದಕ್ಕೆ ಇಬ್ಬರ ಒಪ್ಪಿಗೆಯೂ ಇತ್ತು ಎಂಬ ಅರ್ಥ ಕೊಟ್ಟಿತು. ಜನರ ಕೋಪ ನೋಡಿ ಎಡಿಟಿಂಗ್ ಟೇಬಲ್ಲಿನಲ್ಲಿ ಹಾಕಿದ ತೇಪೆ ಇದು ಎಂದೇ ಬಹಳ ಪ್ರೇಕ್ಷಕರು ನಂಬಿದರು. ಒಪ್ಪಿಗೆ ಇತ್ತು ಎಂದಾದರೆ ಅವಳು ಮುಂದೆ ಮನೆ ಬಿಟ್ಟು ಓಡಿದ್ದು ಯಾಕೆ? ಕಥೆಯ ತರ್ಕವೇ ತಪ್ಪಿಹೋಯಿತು.

ಇಲ್ಲಿ ಆದದ್ದೇನು? ಪಾಕಿಸ್ತಾನದಲ್ಲಿ ಸಾಮಾನ್ಯವಾಗಿ ಇಡೀ ಕಥೆಯನ್ನು ಒಬ್ಬರೇ ಬರಹಗಾರರು ಬರೆದು ಮುಗಿಸಿರುತ್ತಾರೆ. ಚಿತ್ರೀಕರಣವೂ ಪ್ರಸಾರಕ್ಕಿಂತ ಬಹಳ ಮುಂದೆ ಇರುತ್ತದೆ. ಹಾಗಾಗಿ ಅಭಿಮಾನಿಗಳ ಮಾತಿನಿಂದ ಕಥೆ ಬದಲಿಸಲು ಸಮಯವಿರುವುದಿಲ್ಲ. ಬದಲಿಸಬಹುದಾದದ್ದು ಎಡಿಟಿಂಗ್, ಧ್ವನಿ, ಉದ್ದ ಮಾತ್ರ. ಜನ ಮೆಚ್ಚಿದರೆ ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ಹಾಕಿ ಎಳೆಯುತ್ತಾರೆ. ಜನ ಸಿಟ್ಟಾದರೆ ಧ್ವನಿ ಸೇರಿಸುತ್ತಾರೆ. 'ಹಮ್‌ಸಫರ್' 23 ಕಂತಿಗೆ ಮುಗಿದಿತ್ತು, 'ತೇರೆ ಬಿನ್' 58 ಕಂತು ಓಡಿತು. ಇಷ್ಟೆಲ್ಲ ಆದ ಮೇಲೂ ಎರಡನೇ ಭಾಗ ಘೋಷಣೆಯಾಯಿತು. ಅಭಿಮಾನಿಗಳ ದನಿಗೆ ಬೆಲೆ ಬಂದದ್ದು ನಿಜ. ಆದರೆ ಅದು ಕಥೆ ಬರೆಯುವ ಹಂತದಲ್ಲಿ ಕೇಳಿಸುತ್ತಿಲ್ಲ. ಈ ಕ್ಷೇತ್ರದ ದೊಡ್ಡ ಕೊರತೆ ಇದೇ.

ಮುಸ್ತಫಾನನ್ನು ಯಾಕೆ ಮೆಚ್ಚಿದರು

ಹಾಗಾದರೆ ಜನರಿಗೆ ಒರಟು ಗಂಡನೇ ಬೇಕಾ? 2024ರಲ್ಲಿ ಎಆರ್‌ವೈಯಲ್ಲಿ ಬಂದ 'ಕಭೀ ಮೇ ಕಭೀ ತುಮ್' ಬೇರೆ ಉತ್ತರ ಕೊಟ್ಟಿತು. ಬರೆದವರು 'ಹಮ್‌ಸಫರ್'ನ ಅದೇ ಫರ್ಹತ್ ಇಶ್ತಿಯಾಕ್. ಒಬ್ಬರೇ ಬರಹಗಾರ್ತಿ, ನಡುವೆ ಹದಿಮೂರು ವರ್ಷ. ರುಚಿ ಎಷ್ಟು ಬದಲಾಗಿದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ.

ಶರ್ಜೀನಾಳ (ಹಾನಿಯಾ ಆಮಿರ್) ಮದುವೆ ಗೊತ್ತಾಗಿದ್ದು ಒಳ್ಳೆಯ ಕೆಲಸದಲ್ಲಿರುವ, ಮುಸ್ತಫಾನ ಅಣ್ಣನ ಜೊತೆ. ಅವನು ಶ್ರೀಮಂತ ಹುಡುಗಿಯ ಆಸೆಗೆ ಕೊನೆ ಗಳಿಗೆಯಲ್ಲಿ ಕೈಕೊಡುತ್ತಾನೆ. ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಡದ, ಗೇಮ್ ಆಡಿಕೊಂಡಿರುವ ತಮ್ಮ ಮುಸ್ತಫಾ (ಫಹಾದ್ ಮುಸ್ತಫಾ) ಅವಳ ಕೈ ಹಿಡಿಯುತ್ತಾನೆ. ಇಬ್ಬರೂ ಮನೆ ಬಿಟ್ಟು ಬಾಡಿಗೆ ಗೂಡು ಹಿಡಿಯುತ್ತಾರೆ. ದುಡ್ಡಿಲ್ಲ. ಅವಳು ಕೆಲಸಕ್ಕೆ ಹೋಗುತ್ತಾಳೆ. ಮನೆಗೆಲಸದಲ್ಲಿ ಅವನೂ ಕೈಜೋಡಿಸುತ್ತಾನೆ. ಅವಳ ಬುದ್ಧಿ ತನಗಿಂತ ಹೆಚ್ಚು ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಿಲ್ಲ.

ಈ ಡ್ರಾಮಾ ಮನೆಯ ರೇಟಿಂಗ್‌ನಲ್ಲೂ ಗೆದ್ದಿತು, ಫೋನಿನಲ್ಲೂ ಗೆದ್ದಿತು. ನವೆಂಬರ್‌ನಲ್ಲಿ ಕೊನೆಯ ಕಂತನ್ನು ಪಾಕಿಸ್ತಾನದ ಚಿತ್ರಮಂದಿರಗಳಲ್ಲಿ ತೋರಿಸಿದರು. ಅತ್ತೆಯ ವಯಸ್ಸಿನವರಿಗೆ ಮದುವೆ ಎಂಬ ಚೌಕಟ್ಟು ಭದ್ರವಾಗಿ ಕಂಡಿತು. ಹುಡುಗಿಯರಿಗೆ ಆ ಚೌಕಟ್ಟಿನ ಒಳಗೆ ಗೌರವ ಕಂಡಿತು. ಎರಡು ಪ್ರೇಕ್ಷಕ ವರ್ಗಗಳೂ ತಮ್ಮದೇ ಕಾರಣಕ್ಕೆ ಒಂದೇ ಕಥೆಯನ್ನು ಪ್ರೀತಿಸಿದವು. ಬಾಡಿಗೆ, ಕೆಲಸವಿಲ್ಲದ ಗಂಡು, ಒಬ್ಬರ ಸಂಬಳದಲ್ಲಿ ಸಾಗದ ಸಂಸಾರ ಪಾಕಿಸ್ತಾನದ ನಗರಗಳಲ್ಲಿ ಆಗ ಮನೆಮನೆಯ ಸಂಗತಿ. 2023ರಲ್ಲಿ ಅಲ್ಲಿ ಬೆಲೆಯೇರಿಕೆ ಮೂವತ್ತೆಂಟು ಶೇಕಡಾದ ಹತ್ತಿರ ಹೋಗಿತ್ತು. ಬಂಗಲೆಯ ಸೋಫಾ ಮೇಲೆ ಅಳುವ ನಾಯಕಿಗಿಂತ ಬಾಡಿಗೆ ಲೆಕ್ಕ ಹಾಕುವ ನಾಯಕಿ ಜನರಿಗೆ ಹತ್ತಿರವಾದದ್ದು ಸಹಜ ಅಲ್ವಾ?

ದೂರು ಒಂದೇ ಕಡೆಯಿಂದ ಬರುವುದಿಲ್ಲ

ಅಭಿಮಾನಿಗಳು ಅಂದರೆ ಎಲ್ಲರೂ ಸುಧಾರಣೆ ಬಯಸುವವರು ಎಂದು ತಿಳಿದರೆ ತಪ್ಪಾಗುತ್ತದೆ.

2019ರ 'ಮೇರೆ ಪಾಸ್ ತುಮ್ ಹೋ' ನೆನಪಿಸಿಕೊಳ್ಳಿ. ಗಂಡನನ್ನು ಬಿಟ್ಟು ಶ್ರೀಮಂತನ ಹಿಂದೆ ಹೋಗುವ ಹೆಂಡತಿಯ ಕಥೆ. ಬರೆದವರು ಖಲೀಲ್ ಉರ್ ರೆಹಮಾನ್ ಕಮರ್. ಹೆಂಡತಿಯನ್ನು ಎರಡು ಕಾಸಿನವಳು ಎಂದು ಕರೆಯುವ ಸಂಭಾಷಣೆಗೆ ಒಂದು ವರ್ಗ ಚಪ್ಪಾಳೆ ಹೊಡೆಯಿತು, ಇನ್ನೊಂದು ವರ್ಗ ಅಸಹ್ಯಪಟ್ಟಿತು. 2018ರಿಂದ ಹೆಂಗಸರ ಹಕ್ಕಿಗಾಗಿ ಔರತ್ ಮಾರ್ಚ್ ಎಂಬ ಮೆರವಣಿಗೆ ನಡೆಯುತ್ತಿದ್ದ ದೇಶದಲ್ಲಿ ಈ ಡ್ರಾಮಾ ಒಂದು ಅಖಾಡವೇ ಆಯಿತು. 2020ರ ಜನವರಿಯಲ್ಲಿ ಅದರ ಕೊನೆಯ ಕಂತೂ ಚಿತ್ರಮಂದಿರಕ್ಕೆ ಬಂತು. ಸಂಪ್ರದಾಯದ ಪರ ಇರುವ ಪ್ರೇಕ್ಷಕರು ಸುಮ್ನೆ ಟಿವಿ ನೋಡಿಕೊಂಡು ಇರುವವರಲ್ಲ. ಅವರಿಗೂ ಫೋನಿದೆ.

ಪೆಮ್ರಾಕ್ಕೆ ಹೋಗುವ ದೂರುಗಳಲ್ಲಿ ಅವರ ದನಿ ಜೋರು. 2020ರಲ್ಲಿ 'ಇಶ್ಕಿಯಾ', 'ಪ್ಯಾರ್ ಕೆ ಸದ್ಕೆ' ಡ್ರಾಮಾಗಳ ಮರುಪ್ರಸಾರಕ್ಕೆ ತಡೆ ಬಂತು. 'ಜಲನ್' ಮೇಲೂ ಕ್ರಮವಾಯಿತು. ಅಕ್ಕನ ಗಂಡನ ಮೇಲೆ ಆಸೆ, ಸೊಸೆಯ ಮೇಲೆ ಮಾವನ ಕಣ್ಣು ಇಂಥ ಕಥೆಗಳು ಸಮಾಜದ ಮೌಲ್ಯಕ್ಕೆ ವಿರುದ್ಧ ಎಂಬುದು ಆಕ್ಷೇಪ. 2021ರ ಅಕ್ಟೋಬರ್‌ನಲ್ಲಿ ಅಪ್ಪಿಕೊಳ್ಳುವ, ಹಾಸಿಗೆಯ ದೃಶ್ಯಗಳನ್ನು ನಿಲ್ಲಿಸಿ ಎಂದು ಚಾನೆಲ್‌ಗಳಿಗೆ ಸೂಚನೆ ಹೋಯಿತು. ಆಗ ಹೆಂಗಸರ ಗುಂಪುಗಳು ಕೇಳಿದ ಪ್ರಶ್ನೆ ಇಂದಿಗೂ ಹಾಗೇ ಉಳಿದಿದೆ. ಗಂಡ ಹೆಂಡತಿ ಅಪ್ಪಿಕೊಂಡರೆ ತಪ್ಪು, ಗಂಡ ಹೆಂಡತಿಗೆ ಹೊಡೆದರೆ ತಪ್ಪಲ್ಲವಾ?

ಆದರೆ ಪ್ರೇಕ್ಷಕರು ಒಳ್ಳೆಯದರ ಜೊತೆ ನಿಂತದ್ದೂ ಇದೆ. 2016ರ 'ಉಡಾರಿ' ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಮಾತಾಡಿತು. ಪೆಮ್ರಾ ನೋಟಿಸ್ ಕೊಟ್ಟಿತು. ಜನ ಡ್ರಾಮಾದ ಪರ ನಿಂತರು, ಅದು ಪೂರ್ತಿ ಪ್ರಸಾರವಾಯಿತು. 2025ರಲ್ಲಿ ಜಿಯೋದಲ್ಲಿ ಬಂದ 'ಕೇಸ್ ನಂಬರ್ 9' ಅತ್ಯಾಚಾರದ ಮೊಕದ್ದಮೆಯನ್ನೇ ಕಥೆಯ ನಡುವೆ ಇಟ್ಟಿತು. ಅದನ್ನು ಬರೆದವರು ಸುದ್ದಿ ನಿರೂಪಕ ಶಾಹಜೇಬ್ ಖಾನ್‌ಜಾದಾ. 'ತೇರೆ ಬಿನ್' ತೋರಿಸಿದ ಅದೇ ಚಾನೆಲ್ ಇದನ್ನೂ ತೋರಿಸಿತು ಎಂಬುದನ್ನು ಗಮನಿಸಬೇಕು. ಚಾನೆಲ್‌ಗೆ ಸಿದ್ಧಾಂತ ಇಲ್ಲ, ಅಂದಾಜು ಇದೆ.

ಯಾರ ವಾದ ಏನು

ಚಾನೆಲ್‌ನವರ ಮಾತು ಇಷ್ಟೇ: ನಾವು ಜನ ನೋಡುವುದನ್ನು ಕೊಡುತ್ತೇವೆ. ಬೇರೆ ಥರದ ಕಥೆ ಮಾಡಿದಾಗ ರೇಟಿಂಗ್ ಬರಲಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಬೇರೆ ಥರದ ಕಥೆಗೆ ಒಳ್ಳೆಯ ಸಮಯ, ದೊಡ್ಡ ನಟರು, ಪ್ರಚಾರ ಸಿಗುವುದೇ ಅಪರೂಪ. 2021ರ 'ಪರೀಜಾದ್'ನಲ್ಲಿ ಕಪ್ಪು ಬಣ್ಣದ, ಬಡ ಕವಿಯೊಬ್ಬ ನಾಯಕ. ಅದಕ್ಕೆ ಹಮ್ ಟಿವಿ ಸರಿಯಾದ ಜಾಗ ಕೊಟ್ಟಾಗ ಜನ ಮುಗಿಬಿದ್ದು ನೋಡಿದರು.

ವಿಮರ್ಶಕರ ವಾದ ಬೇರೆ. ಮನೆಮನೆಗೆ ಹೋಗುವ ಮಾಧ್ಯಮಕ್ಕೆ ಹೊಣೆ ಇದೆ ಎನ್ನುತ್ತಾರೆ ಅವರು. ಈಗ ಡ್ರಾಮಾ ವಿಮರ್ಶೆಯೇ ಅಲ್ಲಿ ಒಂದು ಜನಪ್ರಿಯ ಟಿವಿ ಕಾರ್ಯಕ್ರಮ. 'ತನ್‌ಹಾಯಿಯಾಂ'ನ ತಂಗಿಯಾಗಿ ಮೆರೆದ ಮರೀನಾ ಖಾನ್ ಅವರೇ ವಿಮರ್ಶಕಿಯಾಗಿ ಕೂತು ಇಂದಿನ ಕಥೆಗಳನ್ನು ಒರೆಗೆ ಹಚ್ಚಿದ್ದಾರೆ. 

ನಟರು, ತಂತ್ರಜ್ಞರ ಸಂಕಟ ಇನ್ನೊಂದು. ಡ್ರಾಮಾ ಯೂಟ್ಯೂಬ್‌ನಲ್ಲಿ ವರ್ಷಗಟ್ಟಲೆ ಓಡಿದರೂ ಆ ಆದಾಯದ ಪಾಲು ಅವರಿಗೆ ಬರುವುದಿಲ್ಲ ಎಂಬ ದೂರು ಹಳೆಯದು. ಸಂಭಾವನೆ ತಿಂಗಳುಗಟ್ಟಲೆ ತಡವಾಗುತ್ತದೆ ಎಂದು 2025ರಲ್ಲಿ ಹಲವು ನಟರು, ನಿರ್ದೇಶಕರು ಬಹಿರಂಗವಾಗಿಯೇ ಹೇಳಿದರು. ಬರಹಗಾರರಿಗೆ ಸರಿಯಾದ ಹಣವೂ ಸಮಯವೂ ಸಿಗದಿದ್ದರೆ ಹಳೆಯ ಅಚ್ಚಿನಲ್ಲೇ ಹೊಸ ಕಥೆ ಬರುತ್ತದೆ. ರುಚಿಯ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಭಾರತದ ಬಾಗಿಲು ಮುಚ್ಚಿದರೆ ಆಗುವುದೇನು

2025ರ ಮೇ 8ರಂದು ಭಾರತ ಸರ್ಕಾರ ಓಟಿಟಿಗಳಿಗೂ ಪಾಕಿಸ್ತಾನಿ ಮೂಲದ ಸರಣಿ, ಸಿನಿಮಾ, ಹಾಡುಗಳನ್ನು ನಿಲ್ಲಿಸಿ ಎಂದು ಸೂಚಿಸಿತು. ದೇಶದ ಭದ್ರತೆ ಅದಕ್ಕೆ ಕೊಟ್ಟ ಕಾರಣ. ಪಹಲ್ಗಾಮ್‌ನಲ್ಲಿ 26 ಜನ ಸತ್ತ ನೋವಿನಲ್ಲಿ ಈ ನಿರ್ಧಾರಕ್ಕೆ ಇಲ್ಲಿ ದೊಡ್ಡ ಬೆಂಬಲವೂ ಇತ್ತು. ಕಥೆ ನೋಡುವುದಕ್ಕೂ ಉಗ್ರರಿಗೂ ಏನು ಸಂಬಂಧ ಎಂದು ಕೇಳಿದವರೂ ಇದ್ದರು. ಬೆಂಗಳೂರು, ಬೀದರ್, ಕಲಬುರಗಿಯ ಉರ್ದು ಮಾತಿನ ಮನೆಗಳಿಗೆ, ಹಿಂದಿ ಬಲ್ಲ ಕನ್ನಡದ ಪ್ರೇಕ್ಷಕರಿಗೆ ಇದು ಸಂಜೆಯ ಒಂದು ಅಭ್ಯಾಸ ತಪ್ಪಿದ ಹಾಗೆ ಆಯಿತು.

ಆದರೆ ಪರಿಣಾಮ ಹೆಚ್ಚು ಆಗುವುದು ಪಾಕಿಸ್ತಾನದಲ್ಲಿ. ಭಾರತದ ಪ್ರೇಕ್ಷಕರು ಇದ್ದದ್ದು ಫೋನಿನ ತಕ್ಕಡಿಯಲ್ಲಿ. ಆ ಕಡೆಯ ಭಾರ ಇಳಿದರೆ ಎರಡು ದಾರಿ ಇದೆ. ಒಂದು, ಚಾನೆಲ್‌ಗಳು ಮನೆಯ ರೇಟಿಂಗನ್ನೇ ಜಾಸ್ತಿ ನಂಬುತ್ತವೆ. ಆಗ ಅತ್ತೆ ಸೊಸೆ ಸಂಚು, ಎರಡನೇ ಮದುವೆ, ದಿನವೂ ಬರುವ ಉದ್ದದ ಧಾರಾವಾಹಿ ಹೆಚ್ಚಬಹುದು. ಇನ್ನೊಂದು, ಕೊಲ್ಲಿ ದೇಶ, ಬ್ರಿಟನ್, ಅಮೆರಿಕ, ಬಾಂಗ್ಲಾದೇಶದ ಪ್ರೇಕ್ಷಕರ ಕಡೆ ತಿರುಗುತ್ತವೆ. ಪಶ್ಚಿಮ ದೇಶಗಳ ವ್ಯೂಗೆ ಯೂಟ್ಯೂಬ್ ಜಾಹೀರಾತಿನ ದರವೂ ಹೆಚ್ಚು. ಅಲ್ಲಿನ ಎರಡನೇ ತಲೆಮಾರಿಗೆ ಕಪಾಳಮೋಕ್ಷ ತೋರಿಸಿ ಪ್ರೀತಿ ಎಂದರೆ ನಡೆಯುವುದಿಲ್ಲ. ಮೊದಲ ದಾರಿ ಸುಲಭ, ಖರ್ಚು ಕಡಿಮೆ. ಹಾಗಾಗಿ ಹತ್ತಿರದ ದಿನಗಳಲ್ಲಿ ಅದೇ ಜಾಸ್ತಿ ಕಾಣುವ ಸಂಭವವಿದೆ.

ಟಿವಿಯ ಆಚೆಗೆ

ಪೆಮ್ರಾದ ಅಧಿಕಾರ ಲೈಸೆನ್ಸ್ ಇರುವ ಚಾನೆಲ್‌ಗಳ ಮೇಲೆ ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಆಯೇಶಾ ಒಮರ್ ನಿರೂಪಣೆಯ 'ಲಜವಾಲ್ ಇಶ್ಕ್' ಎಂಬ ಯೂಟ್ಯೂಬ್ ರಿಯಾಲಿಟಿ ಶೋ ವಿರುದ್ಧ ದೂರುಗಳು ಬಂದಾಗ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಪೆಮ್ರಾ ಹೇಳಬೇಕಾಯಿತು. ಹಾಗಂತ ಯೂಟ್ಯೂಬ್ ಪೂರ್ತಿ ಸ್ವತಂತ್ರವೂ ಅಲ್ಲ. ಫವಾದ್ ಖಾನ್, ಸನಮ್ ಸಯೀದ್ ನಟಿಸಿದ 'ಬರ್ಜಖ್' ಸರಣಿಯಲ್ಲಿ ಸಲಿಂಗ ಪ್ರೇಮದ ಸುಳಿವಿದೆ ಎಂದು ಗಲಾಟೆಯಾಯಿತು. 2024ರ ಆಗಸ್ಟ್‌ನಲ್ಲಿ ತಯಾರಕರೇ ಅದನ್ನು ಪಾಕಿಸ್ತಾನದ ಯೂಟ್ಯೂಬ್‌ನಿಂದ ತೆಗೆದರು. ಸರ್ಕಾರ ಮುಟ್ಟದ ಜಾಗಕ್ಕೆ ಪ್ರೇಕ್ಷಕರ ಕೋಪವೇ ತಲುಪಿತು.

ಟಿವಿಯಲ್ಲಿ ಜಾಗ ಸಿಗದ ಬರಹಗಾರರು ನೇರವಾಗಿ ಯೂಟ್ಯೂಬ್‌ಗೆ ಬರೆಯಬಹುದು. ಅಲ್ಲಿ ಅತ್ತೆಯ ರಿಮೋಟ್ ಇಲ್ಲ, ಎಣ್ಣೆ ಕಂಪನಿಯ ಹಿಂಜರಿಕೆಯೂ ಇಲ್ಲ. ಆದರೆ ದುಡ್ಡು ಹಾಕುವವರೂ ಕಡಿಮೆ. ಹೀಗೆ ಹೊರಗೆ ಹೋದ ಕಥೆಗಳು ಗೆದ್ದರೆ ಚಾನೆಲ್‌ಗಳು ಅವರನ್ನು ಮತ್ತೆ ಒಳಗೆ ಕರೆಯುತ್ತವೆ, ಡೈಜೆಸ್ಟ್‌ನ ಬರಹಗಾರ್ತಿಯರನ್ನು ಕರೆದ ಹಾಗೆ. ಸೋತರೆ ಇಲ್ಲೂ ಅದೇ ಅಳುವ ಸೊಸೆ ಬಂದು ಕೂರುತ್ತಾಳೆ. ಯಾವುದಾಗುತ್ತದೆ ಎಂಬುದು ಆ ಕಥೆಗಳನ್ನು ಹುಡುಕಿಕೊಂಡು ಹೋಗಿ ಪೂರ್ತಿ ನೋಡುವವರ ಮೇಲೆ ನಿಂತಿದೆ.